ಕೇರಂ ಪುಡಿಯಿಂದ ಕರಿ ಬಿಲ್ಲೆಯವರೆಗೆ

"ಇದು ಕೇರಂ ಬೋರ್ಡಿಗೆ ಉದುರಿಸುವ ಪುಡಿಯಲ್ಲವೇ?" ಎಂದು ಮಾವ ಕೇಳಿದರು. ಹೌದು, ಅದೇ ಬೋರಿಕ್ ಆಮ್ಲ. ಕಾಸರಗೋಡಿನ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಅದರಿಂದ ನ್ಯೂಟ್ರಾನ್ ಹೀರುವ ಬೋರಾನ್ ಕಾರ್ಬೈಡ್ ತಯಾರಿಸಲು ಹೊರಟಿದ್ದೆ.

ನೈಸರ್ಗಿಕ ಬೋರಾನಿನಲ್ಲಿ ಶೇ. 20ರಷ್ಟು ಮಾತ್ರ ಬೋರಾನ್-10 ಎಂಬ ಹಗುರ ಬಗೆಯ ಪರಮಾಣು. ಹೀರುವ ಕೆಲಸವೆಲ್ಲ ಅದರದ್ದೇ; ನಿಧಾನಗತಿಯ ನ್ಯೂಟ್ರಾನಿಗೆ ಅದರ ಅಡ್ಡಛೇದ, ಅಂದರೆ ನ್ಯೂಟ್ರಾನನ್ನು ಹಿಡಿಯುವ ಸಾಧ್ಯತೆಯ ಅಳತೆ, ಸುಮಾರು 3,840 ಬಾರ್ನ್ (ಆ ಅಳತೆಯ ಏಕಮಾನ). ಉಳಿದ ಬೋರಾನ್-11 ಪಂಕ್ತಿಯಲ್ಲಿ ಕುಳಿತೂ ಉಣ್ಣದ ನೆಂಟ. ನ್ಯೂಟ್ರಾನಿನ ವೇಗ ಏರಿದಂತೆ ಈ ಹಸಿವೂ ಇಳಿಯುತ್ತದೆ. ವೇಗದ ನ್ಯೂಟ್ರಾನುಗಳಿಂದಲೇ ನಡೆಯುವ ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ಪರಮಾಣು ರಿಯಾಕ್ಟರಿನಲ್ಲಿ, ನ್ಯೂಟ್ರಾನ್ ಹೀರಿ ಕ್ರಿಯೆಯನ್ನು ಹತೋಟಿಯಲ್ಲಿಡುವ ನಿಯಂತ್ರಣ ದಂಡಗಳಿಗೆ ಬೋರಾನ್-10ರ ಪಾಲು ಹೆಚ್ಚಿಸಿದ ಕಾರ್ಬೈಡನ್ನೇ ಆರಿಸಿಕೊಂಡಿರುವುದು ಅದಕ್ಕಾಗಿ.

ಇಂಗಾಲಕ್ಕೆ ತೆಂಗಿನ ಗೆರಟೆಯ ಇದ್ದಿಲು ಸಾಕೆಂದು ಮೊದಲು ಹುರುಪಿನಲ್ಲಿದ್ದೆ. ಆದರೆ ಅದರ ಬೂದಿಯಲ್ಲಿ ಪೊಟ್ಯಾಸಿಯಂ ಇದೆ. ರಿಯಾಕ್ಟರಿಗೆಂದು ಯೋಚಿಸುವ ವಸ್ತುವಿಗೆ ಅಂಥ ಕಲಬೆರಕೆ ಸಲ್ಲದು. ಊರಿನ ಅಭಿಮಾನ ಬದಿಗಿಟ್ಟು ಸಕ್ಕರೆಗೆ ಬಂದೆ. ಬೋರಿಕ್ ಆಮ್ಲದ ಜೊತೆ ಬಿಸಿ ಮಾಡಿದಾಗ ಅದು ಗಂಜಿಯಂತೆ ಉಕ್ಕಿ, ಪಾತ್ರೆಯ ಅಂಚು ದಾಟಿ, ಗಾಜಿನಂತೆ ಅಂಟಿಕೊಂಡಿತು. ಆ ಪಾತ್ರೆಯನ್ನು ಮರಳಿ ಬಳಸಲಾಗಲಿಲ್ಲ. ಮುಂದಿನ ಸಲ ನಿಧಾನವಾಗಿ ಕಾಯಿಸಿ, ಕರಿದಾದ ಗಟ್ಟಿಯನ್ನು ಅರೆದು, ಗ್ರಾಫೈಟ್ ದೋಣಿಯಲ್ಲಿಟ್ಟು ಆರ್ಗಾನ್ ಹರಿಸಿ 1,500 ಡಿಗ್ರಿ ಸೆಲ್ಸಿಯಸ್‌ಗೆ ಕುಲುಮೆ ಏರಿಸಿದೆ. ಎಕ್ಸ್-ಕಿರಣ ಪರೀಕ್ಷೆಯಲ್ಲಿ ಕಾರ್ಬೈಡಿನ ಗೆರೆಗಳು ಕಂಡವು. 26 ಡಿಗ್ರಿ ಕೋನದ ಹತ್ತಿರ ಉಳಿಕೆ ಇಂಗಾಲದ ಗುಬ್ಬೂ ಕಂಡಿತು. ಬೋರಾನಿನ ಆಕ್ಸೈಡ್ ಆವಿಯಾಗಿ ಹೋಗುವುದರಿಂದ ಲೆಕ್ಕಕ್ಕಿಂತ ಹೆಚ್ಚು ಆಮ್ಲ ಹಾಕಲೇಬೇಕು.

ನಿಜವಾದ ಪೆಟ್ಟು ಕೊಟ್ಟದ್ದು ಆಟಿಯ ಮಳೆ. ತಯಾರಾದ ಕಾರ್ಬೈಡ್ ಪುಡಿಯ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ವಾರ ಕಳೆದು ತೆರೆದರೆ ನಯವಾದ ಪುಡಿ ಹಿಟ್ಟಿನ ಉಂಡೆಗಳಂತೆ ಗಂಟುಗಂಟಾಗಿತ್ತು. ಕಣಗಳ ಮೇಲಿನ ಆಕ್ಸೈಡ್ ತೇವ ಹೀರಿತ್ತು. 450 ಡಿಗ್ರಿಗೇ ಕರಗುವ ಆ ಪದರ ನಡುವೆ ಇರುವವರೆಗೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ಗೊತ್ತಿದ್ದೂ, ಒಣಗಿಸಿದರೆ ಸಾಕೆಂದು ಹಾಗೆಯೇ, ಬಿಲ್ಲೆಯಾಗಿ ಒತ್ತಿಸಲು, ಬೇರೆ ಊರಿನ ಬಿಸಿ ಒತ್ತುಯಂತ್ರಕ್ಕೆ ಕಳುಹಿಸಿದೆ. ಗ್ರಾಫೈಟ್ ಅಚ್ಚಿನಲ್ಲಿ 2,000 ಡಿಗ್ರಿ ದಾಟಿಸಿ ಒತ್ತಿದರೂ ಬಿಲ್ಲೆಯ ಸಾಂದ್ರತೆ 2.1 ಮಾತ್ರ. ಪೂರ್ತಿ ಗಟ್ಟಿಯಾದ ಬೋರಾನ್ ಕಾರ್ಬೈಡಿನದು ಘನ ಸೆಂಟಿಮೀಟರಿಗೆ 2.52 ಗ್ರಾಂ. ನೀರಿನಲ್ಲಿ ತೂಗುವಾಗ ರಂಧ್ರಗಳಿಂದ ಗುಳ್ಳೆಗಳು ಏಳುತ್ತಲೇ ಇದ್ದವು.

ಎರಡನೆಯ ಸಲ ಪುಡಿಯನ್ನು ಬಿಸಿನೀರಿನಲ್ಲಿ ಮೂರು ಬಾರಿ ತೊಳೆದು, ನಿರ್ವಾತದಲ್ಲಿ ಒಣಗಿಸಿ, ಸಿಲಿಕಾ ಜೆಲ್ ಇಟ್ಟು ಮುಚ್ಚಿದೆ. ಒತ್ತುವ ಮೊದಲು ಸ್ವಲ್ಪ ಫಿನಾಲಿಕ್ ರಾಳ ಬೆರೆಸಿದೆ. ಅದು ಸುಟ್ಟು ಉಳಿಯುವ ಇಂಗಾಲ ಅಳಿದುಳಿದ ಆಕ್ಸೈಡನ್ನು ತಿಂದುಹಾಕುತ್ತದೆ. ಈ ಬಾರಿ 2.41 ಬಂತು.

ನ್ಯೂಟ್ರಾನ್ ಹೀರಿದ ಬೋರಾನ್-10 ಲಿಥಿಯಂ ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ಒಳಗೇ ಸೇರುವ ಹೀಲಿಯಂ ಬಿಲ್ಲೆಯನ್ನು ಉಬ್ಬಿಸಿ ಸೀಳುತ್ತದೆ. ಹಾಗಾಗಿ ರಂಧ್ರವೇ ಇಲ್ಲದಿದ್ದರೂ ತೊಂದರೆ. ಎಷ್ಟು ರಂಧ್ರ ಉಳಿಸಬೇಕೆಂಬುದು ನನ್ನ ಮುಂದಿನ ಕಂತಿನ ಕೆಲಸ. ಮೊದಲ ಸಲದ ಒಡೆದ ಬಿಲ್ಲೆಯನ್ನು ಮಾವ ಒಯ್ದಿದ್ದಾರೆ. ಅಡಕೆ ಸುಲಿಯುವ ಕತ್ತಿಯನ್ನು ಈಗ ಅದರಲ್ಲೇ ಮಸೆಯುತ್ತಾರೆ.