ಬ್ಯಾಂಕಿಗೆ ಬಂದದ್ದೇ ವ್ಯಾಪಾರ ಅಂದುಕೊಂಡಿದ್ದೆ

ನಮ್ಮದು ಬೆಟಗೇರಿಯಲ್ಲಿ ಕೈಮಗ್ಗದ ಸೀರೆ ವ್ಯಾಪಾರ. ಅಪ್ಪನ ಅಂಗಡಿಗೆ ಜಿಎಸ್‌ಟಿ ನಂಬರೇ ಇರಲಿಲ್ಲ. ವರ್ಷದ ವ್ಯಾಪಾರ 40 ಲಕ್ಷ ದಾಟಿದರೆ ನಂಬರು ಬೇಕು, ಆ ಮಿತಿಯ ಹತ್ತಿರಕ್ಕೂ ನಾವು ಹೋದವರಲ್ಲ. ಆನ್‌ಲೈನ್‌ನಲ್ಲಿ ಹೊರರಾಜ್ಯಕ್ಕೆಲ್ಲ ಮಾರಬೇಕು ಅಂದಾಗ ಮೊದಲ ಸೀರೆಗೇ ನಂಬರು ಮಾಡಿಸಬೇಕಾಯಿತು. ಖರ್ಚು ಉಳಿಸೋಣ ಅಂತ ರಿಟರ್ನ್ ನಾನೇ ತುಂಬುತ್ತಿದ್ದೆ.

2024ರ ದಸರಾ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಎಸ್‌ಎಂಟಿ-10 ನೋಟಿಸ್ ಬಂದಿತ್ತು. ನಾನು ನೋಡುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಮನೆಯವರೆಲ್ಲ 'ಆಡಿಟ್ ಬಂತು' ಅಂತ ಗಾಬರಿಯಾದರು. ಇದು ಆಡಿಟ್ ಅಲ್ಲ, ರಿಟರ್ನ್ ಪರಿಶೀಲನೆ. ಆಡಿಟ್ ಆದರೆ ಎಡಿಟಿ-01 ಬರುತ್ತದೆ. ಆದರೆ ಉತ್ತರ ಕೊಡದೆ ಸುಮ್ನೆ ಕೂತರೆ ಇದೂ ಅಲ್ಲಿಗೇ ಹೋಗಬಹುದು.

ನೋಟಿಸ್‌ನಲ್ಲಿ ಇದ್ದದ್ದು ಇಷ್ಟು: 2022-23ರಲ್ಲಿ ನಿಮ್ಮ ಮಾರಾಟ 12 ಲಕ್ಷ ಅಂತ ಆನ್‌ಲೈನ್ ಕಂಪನಿ ಟಿಸಿಎಸ್ (ನಮ್ಮ ಮಾರಾಟದ ಮೇಲೆ ಕಂಪನಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ) ಲೆಕ್ಕದಲ್ಲಿ ತೋರಿಸಿದೆ, ನೀವು ತೋರಿಸಿದ್ದು 9.9 ಲಕ್ಷ. ಉಳಿದ 2.1 ಲಕ್ಷ ಎಲ್ಲಿ?

ಹುಬ್ಬಳ್ಳಿಯಲ್ಲಿ ಪರಿಚಯದ ಸಿಎ ಒಬ್ಬರಿದ್ದಾರೆ. ಅವರ ಮುಂದೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. 'ತಂಗಿ, ಇದು ನಿನ್ನ ಕೈಗೆ ಬಂದ ರೊಕ್ಕ. ಗಿರಾಕಿ ಕೊಟ್ಟಿದ್ದೆಷ್ಟು?' ಅಂದರು. ಆಗ ತಲೆಗೆ ಹೊಳೆಯಿತು. ಕಂಪನಿಯವರು ಕಮಿಷನ್, ಕೊರಿಯರ್ ಚಾರ್ಜ್, ಆಗಿನ ಶೇ. 1 ಟಿಸಿಎಸ್, ಇನ್‌ಕಮ್ ಟ್ಯಾಕ್ಸ್‌ನ ಟಿಡಿಎಸ್ ಎಲ್ಲ ಹಿಡಿದುಕೊಂಡು ಉಳಿದದ್ದನ್ನು ಹಾಕುತ್ತಿದ್ದರು. ನಾನು ಅದನ್ನೇ ಮಾರಾಟ ಅಂತ ತುಂಬಿದ್ದೆ.

ಆಮೇಲೆ ನಾಲ್ಕು ರಾತ್ರಿ ಕೂತು ವರ್ಷದ ಪೇಮೆಂಟ್ ರಿಪೋರ್ಟ್ ಇಳಿಸಿ, ಆರ್ಡರ್ ನಂಬರ್ ಹಿಡಿದು ತಾಳೆ ಹಾಕಿದೆ. ತಲೆ ಕೆಡಿಸಿದ್ದು ಆರ್‌ಟಿಒ, ಅಂದರೆ 'ರಿಟರ್ನ್ ಟು ಒರಿಜಿನ್'. ಗಾಡಿ ಆಫೀಸ್ ಅಲ್ಲ. ಗಿರಾಕಿ ಬೇಡ ಅಂದು ವಾಪಸ್ ಬಂದ ಸೀರೆಗೆ ನಮ್ಮ ಧಂದೆಯಲ್ಲಿ ಹಾಗಂತಾರೆ. ಮಾರ್ಚ್ ಕೊನೆಯಲ್ಲಿ ಹೋದದ್ದು ಏಪ್ರಿಲ್‌ನಲ್ಲಿ ತಿರುಗಿ ಬಂದರೆ ಏಪ್ರಿಲ್ ಲೆಕ್ಕದಲ್ಲಿ ಕಳೆಯಬೇಕು. ಅಂದರೆ ಇನ್ನೊಂದು ವರ್ಷದ ಕಡತ!

ತಪ್ಪು ನನ್ನದೇ ಅಂತ ಖಾತ್ರಿಯಾಯಿತು. ಸೀರೆಗೆ ಶೇ. 5ರಂತೆ ತೆರಿಗೆ 10,500. ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ಒಂದೇ ಸಮಾಧಾನ, ಕಂಪನಿ ಹಿಡಿದಿದ್ದ 12,000 ಟಿಸಿಎಸ್ ಪೋರ್ಟಲ್‌ನಲ್ಲೇ ಬಿದ್ದಿತ್ತು. ನಾನು ಒಮ್ಮೆಯೂ 'ಅಕ್ಸೆಪ್ಟ್' ಒತ್ತಿರಲಿಲ್ಲ. ಒತ್ತಿದ ಮೇಲೆ ಕ್ಯಾಶ್ ಲೆಡ್ಜರ್‌ಗೆ, ಅಂದರೆ ಪೋರ್ಟಲ್‌ನಲ್ಲಿ ತೆರಿಗೆ ಕಟ್ಟಲು ಇರುವ ನಮ್ಮ ಖಾತೆಗೆ, ಬಂತು. ಬಾಕಿ ತೆರಿಗೆ ಕಟ್ಟುವ ಡಿಆರ್‌ಸಿ-03 ಫಾರ್ಮ್‌ನಲ್ಲಿ ಕಟ್ಟಿ, ತಾಳೆಪಟ್ಟಿ ಸಮೇತ ಎಎಸ್‌ಎಂಟಿ-11 ಫಾರ್ಮ್‌ನಲ್ಲಿ ಉತ್ತರ ಹಾಕಿದೆ. 30 ದಿನದ ಗಡುವಿಗೆ ಎರಡೇ ದಿನ ಬಾಕಿ ಇತ್ತು. ಮುಂದೆ ಉತ್ತರ ಒಪ್ಪಿದ್ದೇವೆ ಅನ್ನುವ ಎಎಸ್‌ಎಂಟಿ-12 ಬಂದು ವಿಷಯ ಮುಗಿಯಿತು.

ಆದರೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಕಮಿಷನ್, ಕೊರಿಯರ್ ಮೇಲೆ ಕಂಪನಿ ಶೇ. 18 ಜಿಎಸ್‌ಟಿ ಹಾಕಿತ್ತು, ಸುಮಾರು 30,000. ಅದನ್ನು ಕ್ರೆಡಿಟ್ ಆಗಿ ತೊಗೊಂಡು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಆ ವರ್ಷದ್ದಕ್ಕೆ ಕೊನೆ ದಿನ 2023ರ ನವೆಂಬರ್ 30. ಹೋಯಿತು. ಕಟ್ಟಿದ್ದಕ್ಕಿಂತ ಕಳಕೊಂಡದ್ದೇ ಜಾಸ್ತಿ, ಅಲ್ವಾ?

ಈಗ ಪ್ರತಿ ತಿಂಗಳು ಮೊದಲ ವಾರವೇ ಮೂರು ಕಾಲಮ್ ತುಂಬುತ್ತೇನೆ: ಗಿರಾಕಿ ಕೊಟ್ಟದ್ದು, ವಾಪಸ್ ಬಂದದ್ದು, ಕಂಪನಿ ಹಿಡಿದದ್ದು. ಬ್ಯಾಂಕ್ ಮೊತ್ತ ಕೊನೆಗೆ. ಕಂಪನಿಯ ಕಮಿಷನ್ ಬಿಲ್ಲು, ರಿಪೋರ್ಟು ಎಲ್ಲ ಇಳಿಸಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು. ಆ ಪೆನ್‌ಡ್ರೈವ್ ಅಪ್ಪನ ಗಲ್ಲಾಪೆಟ್ಟಿಗೆಯಲ್ಲಿದೆ.