ಫಾರಿನ್‌ನಲ್ಲಿ ಒಂದು ಸೆಮಿಸ್ಟರ್: ವೀಸಾಕ್ಕಿಂತ ಮೊದ್ಲು ಕ್ಯಾಲೆಂಡರ್ ನೋಡಿ

ಮಣಿಪಾಲ, ಸುರತ್ಕಲ್, ಕೊಣಾಜೆ, ನಿಟ್ಟೆ ಕಡೆ ಓದುವ ಮಕ್ಕಳ ಬಾಯಲ್ಲಿ ಈಗ ಎಕ್ಸ್‌ಚೇಂಜ್‌ದೇ ಮಾತು. ಡಿಗ್ರಿ ಇಲ್ಲಿಯದ್ದೇ, ನಡುವೆ ಒಂದು ಸೆಮಿಸ್ಟರ್ ಮಾತ್ರ ಜರ್ಮನಿಯಲ್ಲೋ ಕೊರಿಯಾದಲ್ಲೋ ಓದಿ ವಾಪಸ್ ಬರುವುದು. ಎರಡು ಯೂನಿವರ್ಸಿಟಿಗಳ ನಡುವೆ ಒಪ್ಪಂದ ಇದ್ರೆ ಸಾಮಾನ್ಯವಾಗಿ ಅಲ್ಲಿ ಟ್ಯೂಷನ್ ಫೀಸ್ ಕಟ್ಲಿಕ್ಕಿಲ್ಲ, ಇಲ್ಲಿನ ಫೀಸ್ ಕಟ್ಟಿದ್ರೆ ಆಯ್ತು. ಹಾಗಂತ ಮನೆಯಲ್ಲಿ "ಎಲ್ಲಾ ಫ್ರೀ ಅಪ್ಪಾ" ಅಂತ ಮಾತ್ರ ಹೇಳ್ಬೇಡಿ, ಯಾಕಂದ್ರೆ ಟಿಕೆಟ್, ರೂಮ್ ಬಾಡಿಗೆ, ಊಟ, ವೀಸಾ, ಇನ್ಶೂರೆನ್ಸ್ ಎಲ್ಲಾ ನಮ್ಮ ಕಿಸೆಯಿಂದಲೇ ಹೋಗ್ಬೇಕು.

ಎಲ್ಲರೂ ಮಂಡೆಬಿಸಿ ಮಾಡುವುದು ವೀಸಾದ ಬಗ್ಗೆ. ನನ್ನ ಪ್ರಕಾರ ಅದು ಎರಡನೇ ಮಂಡೆಬಿಸಿ ಮಾರಾಯ್ರೆ. ವೀಸಾಕ್ಕೆ ಚೆಕ್‌ಲಿಸ್ಟ್ ಉಂಟು, ಅದರ ಪ್ರಕಾರ ಪೇಪರ್ ಜೋಡಿಸಿದ್ರೆ ಹೆಚ್ಚಿನವ್ರಿಗೆ ಸಿಗ್ತದೆ. ಆದ್ರೆ ಅಲ್ಲಿ ಓದಿದ ಸಬ್ಜೆಕ್ಟ್ ಇಲ್ಲಿನ ಮಾರ್ಕ್ಸ್ ಕಾರ್ಡಿಗೆ ಬರದಿದ್ರೆ ಒಂದು ಸೆಮಿಸ್ಟರ್ ಪೂರಾ ಲಗಾಡಿ, ಜೂನಿಯರ್ಸ್ ಜೊತೆ ಕೂತು ಅದೇ ಪೇಪರ್ ಪುನಃ ಬರೀಬೇಕು. ಹಾಗಾಗಿ ಈ ಲೇಖನದಲ್ಲಿ ಕ್ರೆಡಿಟ್ ಮತ್ತು ಕ್ಯಾಲೆಂಡರ್‌ಗೆ ಸ್ವಲ್ಪ ಜಾಸ್ತಿ ಜಾಗ.

ಮೊದಲು ಕ್ಯಾಲೆಂಡರ್

ನಮ್ಮಲ್ಲಿ ಒಂದು ಸೆಮಿಸ್ಟರ್ ಜುಲೈ-ಆಗಸ್ಟಿಗೆ ಶುರುವಾಗಿ ಡಿಸೆಂಬರಿಗೆ ಮುಗೀತದೆ, ಇನ್ನೊಂದು ಜನವರಿಯಿಂದ ಮೇ ತನಕ. ಜರ್ಮನಿಯ ಯೂನಿವರ್ಸಿಟಿಗಳಲ್ಲಿ ವಿಂಟರ್ ಸೆಮಿಸ್ಟರಿನ ಕ್ಲಾಸ್ ಶುರುವಾಗುವುದೇ ಅಕ್ಟೋಬರ್ ನಡುವಿನಲ್ಲಿ, ಮುಗಿಯುವುದು ಫೆಬ್ರವರಿ ನಡುವಿಗೆ, ಪರೀಕ್ಷೆ ಕೆಲವು ಅದರ ಮೇಲೂ ಹೋಗ್ತದೆ. ಅಷ್ಟು ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿ ಒಂದು ತಿಂಗಳು ದಾಟಿರ್ತದೆ, ಅಟೆಂಡೆನ್ಸ್ ಶಾರ್ಟೇಜ್, ಮೊದಲ ಇಂಟರ್ನಲ್ ಪರೀಕ್ಷೆ ಹೋಯ್ತು. ಸಮ್ಮರ್ ಸೆಮಿಸ್ಟರ್ ಏಪ್ರಿಲಿಗೆ ಶುರು, ಅದೂ ನಮ್ಮ ಪರೀಕ್ಷೆಗೆ ಅಡ್ಡ. ಅಲ್ಲಿನ ಅಪ್ಲೈಡ್ ಸೈನ್ಸಸ್ ಯೂನಿವರ್ಸಿಟಿಗಳಲ್ಲಿ ಕ್ಲಾಸ್ ಚೂರು ಬೇಗ ಶುರುವಾಗ್ತದೆ ಅನ್ನುವುದೊಂದೇ ಸಮಾಧಾನ.

ಇದಕ್ಕೆ ಹೋಲಿಸಿದ್ರೆ ಸಿಂಗಾಪುರದ ನ್ಯಾಷನಲ್ ಯೂನಿವರ್ಸಿಟಿ, ಅಂದ್ರೆ ಎನ್‌ಯುಎಸ್‌ನಂಥ ಕಡೆ ಆಗಸ್ಟಿಂದ ಡಿಸೆಂಬರ್ ಶುರುವಿನ ತನಕ, ಹೆಚ್ಚುಕಡಿಮೆ ನಮ್ಮದೇ ಲೆಕ್ಕ. ಕೊರಿಯಾದಲ್ಲಿ ಸೆಪ್ಟೆಂಬರಿಂದ ಡಿಸೆಂಬರ್, ಅದೂ ಸರಿ ಹೊಂದುತ್ತದೆ. ಸ್ವೀಡನ್‌ನಲ್ಲಿ ಆಗಸ್ಟ್ ಕೊನೆಗೆ ಶುರುವಾಗಿ ಜನವರಿ ನಡುವಿನ ತನಕ, ಎರಡು ವಾರ ಹೇಗಾದ್ರೂ ಅಡ್ಜಸ್ಟ್ ಮಾಡ್ಬಹುದು. ಜಪಾನಿನದ್ದು ಏಪ್ರಿಲ್ ಮತ್ತು ಅಕ್ಟೋಬರ್, ಅಲ್ಲಿಯೂ ಜರ್ಮನಿಯದ್ದೇ ಕಷ್ಟ. ಇದನ್ನು ನೋಡದೆ "ನಂಗೆ ಬರ್ಲಿನ್ನೇ ಆಗ್ಬೇಕು" ಅಂತ ಕೂತವ್ರು ಆಮೇಲೆ ಎಚ್‌ಒಡಿ ರೂಮಿನ ಹೊರಗೆ ಅರ್ಜಿ ಹಿಡ್ಕೊಂಡು ನಿಲ್ಲುವುದು. ಜರ್ಮನಿಗೆ ಹೋಗ್ಲೇಬಾರದು ಅಂತಲ್ಲ. ಕೊನೆ ಸೆಮಿಸ್ಟರಿನ ಪ್ರಾಜೆಕ್ಟಿಗೆ ಹೋಗುವುದಾದ್ರೆ ಈ ತಾಪತ್ರಯ ತುಂಬಾ ಕಡಿಮೆ, ಅಲ್ಲಿನ ಲ್ಯಾಬ್‌ನಲ್ಲಿ ಕೆಲಸ ಮಾಡಿ ಥೀಸಿಸ್ ಇಲ್ಲಿ ಕೊಡ್ಬಹುದು.

ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ವರ್ಷ ಮೊದ್ಲೇ ಹೋಗಿ

ಇದರಲ್ಲಿ ನೀವೇ ನೇರ ಅಪ್ಲೈ ಮಾಡ್ಲಿಕ್ಕೆ ಆಗುವುದಿಲ್ಲ. ಮೊದ್ಲು ನಿಮ್ಮ ಕಾಲೇಜು ನಿಮ್ಮನ್ನು ನಾಮಿನೇಟ್ ಮಾಡ್ಬೇಕು, ಆಮೇಲೆ ಅಲ್ಲಿನ ಯೂನಿವರ್ಸಿಟಿ ಲಿಂಕ್ ಕಳಿಸ್ತದೆ, ನೀವು ಫಾರಂ ತುಂಬಿಸಿದ ಮೇಲೆ ಅಕ್ಸೆಪ್ಟೆನ್ಸ್ ಲೆಟರ್ ಬರ್ತದೆ, ಆ ಲೆಟರ್ ಇಲ್ಲದೆ ವೀಸಾದ ಮಾತೇ ಇಲ್ಲ. ಆಗಸ್ಟ್-ಸೆಪ್ಟೆಂಬರಿಗೆ ಹೋಗುವವ್ರ ನಾಮಿನೇಷನ್ ಹೆಚ್ಚಾಗಿ ಮಾರ್ಚಿಂದ ಮೇ ಒಳಗೆ ಮುಗೀತದೆ, ಅದಕ್ಕೂ ಮೊದ್ಲು ಕಾಲೇಜಿನೊಳಗೆ ಸೆಲೆಕ್ಷನ್ ಆಗ್ಬೇಕಲ್ಲ. ಬ್ಯಾಕ್‌ಲಾಗ್ ಇದ್ರೆ ಹೆಚ್ಚಿನ ಕಡೆ ಅಲ್ಲಿಗೇ ಕತೆ ಮುಗೀತು, ಸಿಜಿಪಿಎ ಕಟ್ ಆಫ್ ಒಂದೊಂದು ಕಡೆ ಒಂದೊಂದು.

ಆಫೀಸಿಗೆ ಹೋದಾಗ ಕೇಳ್ಬೇಕಾದ ಪ್ರಶ್ನೆ "ಎಷ್ಟು ಯೂನಿವರ್ಸಿಟಿ ಜೊತೆ ಎಂಒಯು (ಅಂದ್ರೆ ಒಪ್ಪಂದ) ಉಂಟು" ಅಂತ ಅಲ್ಲ. ಎಂಒಯು ಪಟ್ಟಿ ಉದ್ದ ಇರ್ತದೆ, ಬ್ರೋಷರ್‌ನಲ್ಲಿ ಚಂದ ಕಾಣ್ತದೆ. ಕಳೆದ ವರ್ಷ ಅಲ್ಲಿಗೆ ಯಾರಾದ್ರೂ ಹೋಗಿದ್ದಾರಾ, ನಮ್ಮ ಬ್ರಾಂಚಿನವ್ರು ಹೋಗಿದ್ದಾರಾ, ಅವ್ರಿಗೆ ಎಷ್ಟು ಕ್ರೆಡಿಟ್ ಇಲ್ಲಿ ಸಿಕ್ಕಿತು, ಅಂತ ಕೇಳಿ. ಹೋಗಿ ಬಂದ ಸೀನಿಯರ್ ಅಕ್ಕನೋ ಅಣ್ಣನೋ ಸಿಕ್ಕಿದ್ರೆ ಒಂದು ಚಾ ಕುಡಿಸಿ ಮಾತಾಡಿಸಿ, ವೆಬ್‌ಸೈಟಲ್ಲಿ ಇಲ್ಲದ ಸುದ್ದಿ ಅಲ್ಲಿ ಸಿಗ್ತದೆ.

ಇಂಗ್ಲಿಷ್ ಪರೀಕ್ಷೆಗೆ ದುಡ್ಡು ಕಟ್ಟುವ ಮೊದ್ಲು ಒಂದು ವಿಷಯ: ಎಕ್ಸ್‌ಚೇಂಜ್‌ಗೆ ತುಂಬಾ ಯೂನಿವರ್ಸಿಟಿಗಳು, ಇಲ್ಲಿ ಪಾಠ ಇಂಗ್ಲಿಷಲ್ಲೇ ನಡೀತದೆ ಅಂತ ಕಾಲೇಜಿನ ಲೆಟರ್ ಕೊಟ್ರೆ ಒಪ್ತವೆ. ಕೇಳಿ ನೋಡಿ, ಐಇಎಲ್‌ಟಿಎಸ್ ಫೀಸ್ ಉಳಿದ್ರೆ ಉಳೀಲಿ.

ಕ್ರೆಡಿಟ್ ಲೆಕ್ಕ

ಯುರೋಪಿನಲ್ಲಿ ಇಸಿಟಿಎಸ್ ಅಂತ ಒಂದು ಅಳತೆ, ಒಂದು ಸೆಮಿಸ್ಟರಿಗೆ 30, ವರ್ಷಕ್ಕೆ 60. ಒಂದು ಇಸಿಟಿಎಸ್ ಅಂದ್ರೆ 25ರಿಂದ 30 ಗಂಟೆ ಕೆಲಸ, ಕ್ಲಾಸ್, ಮನೆಯಲ್ಲಿ ಓದುವುದು, ಅಸೈನ್‌ಮೆಂಟ್ ಎಲ್ಲಾ ಸೇರಿ. ನಮ್ಮ ಕ್ರೆಡಿಟ್ ಲೆಕ್ಕ ಹಾಕುವುದು ಕ್ಲಾಸಿನ ಗಂಟೆಯ ಮೇಲೆ. ಹಾಗಾಗಿ ಅಲ್ಲಿನ 6 ಅಂದ್ರೆ ಇಲ್ಲಿನ 6 ಅಲ್ಲ, ಎಷ್ಟಕ್ಕೆ ಎಷ್ಟು ಅನ್ನುವುದು ನಿಮ್ಮ ಯೂನಿವರ್ಸಿಟಿ ಹೇಳಿದ ಹಾಗೆ.

ಮಾಡ್ಬೇಕಾದ್ದು ಇಷ್ಟು. ನೀವು ಮಿಸ್ ಮಾಡುವ ಸೆಮಿಸ್ಟರಿನ ಸಿಲೆಬಸ್ ಒಂದು ಕಡೆ ಇಡಿ, ಅಲ್ಲಿನ ಕೋರ್ಸ್ ಪಟ್ಟಿ ಇನ್ನೊಂದು ಕಡೆ, ಒಂದೊಂದು ಸಬ್ಜೆಕ್ಟಿಗೂ ಜೋಡಿ ಹುಡುಕಿ, ಪಾಠದ ವಿವರ ಪ್ರಿಂಟ್ ತೆಗೆದು ಆಯಾ ಸಬ್ಜೆಕ್ಟ್ ಕಲಿಸುವ ಸರ್ ಅಥವಾ ಮೇಡಂ ಹತ್ರ ಹೋಗಿ ತೋರಿಸಿ, ಅವ್ರು ಸರಿ ಅಂದ ಮೇಲೆ ಎಚ್‌ಒಡಿ ಸೈನ್. ಇದನ್ನೇ ಲರ್ನಿಂಗ್ ಅಗ್ರಿಮೆಂಟ್ ಅಂತಾರೆ, ಮೂರು ಕಡೆಯವ್ರ ಸೈನ್ ಇರ್ತದೆ: ನೀವು, ಇಲ್ಲಿನವ್ರು, ಅಲ್ಲಿನವ್ರು. "ಹೋಗಿ ಬನ್ನಿ, ಆಮೇಲೆ ನೋಡುವ" ಅಂತ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ನೀವು ವಾಪಸ್ ಬರುವಾಗ ಎಚ್‌ಒಡಿ ಬದಲಾಗಿರ್ಬಹುದು. ಜೋಡಿ ಹುಡುಕುವಾಗ ಎರಡು ಎಕ್ಸ್‌ಟ್ರಾ ಇಟ್ಕೊಳ್ಳಿ, ಯಾಕಂದ್ರೆ ಅಲ್ಲಿಗೆ ಹೋದ ಮೇಲೆ "ಈ ಕೋರ್ಸ್ ಈ ಸಲ ಇಲ್ಲ" ಅಥವಾ "ಇದು ಜರ್ಮನ್ ಭಾಷೆಯಲ್ಲಿ ಮಾತ್ರ" ಅನ್ನುವುದು ತುಂಬಾ ಮಾಮೂಲು. ಬದಲಾಯಿಸಿದ್ರೆ ಅದೇ ದಿನ ಇಲ್ಲಿಗೆ ಮೇಲ್ ಹಾಕಿ ಒಪ್ಪಿಗೆ ತಗೊಳ್ಳಿ.

ಗ್ರೇಡ್ ವಿಷಯ ಮನೆಯವ್ರಿಗೂ ಮೊದ್ಲೇ ಹೇಳಿಡಿ. ಜರ್ಮನಿಯಲ್ಲಿ 1.0 ಅಂದ್ರೆ ಎಲ್ಲಕ್ಕಿಂತ ಒಳ್ಳೆ ಗ್ರೇಡ್, 4.0 ಅಂದ್ರೆ ಬರೀ ಪಾಸ್, 5.0 ಫೇಲ್. 1.3 ಬಂತು ಅಂತ ಫೋನ್ ಮಾಡಿದ್ರೆ ದೊಡ್ಡಮ್ಮ ಗಾಬರಿ ಆಗ್ಬಾರ್ದು.

ಪಾಸ್‌ಪೋರ್ಟ್, ವೀಸಾ, ದುಡ್ಡು

ಪಾಸ್‌ಪೋರ್ಟ್ ಮಂಗಳೂರಲ್ಲೇ ಆಗ್ತದೆ, ಸೇವಾ ಕೇಂದ್ರ ಉಂಟು. ಯುರೋಪಿಗೆ 90 ದಿನಕ್ಕಿಂತ ಜಾಸ್ತಿ ಇರುವುದಾದ್ರೆ ಟೂರಿಸ್ಟ್‌ನವ್ರ ಶೆಂಗೆನ್ ವೀಸಾ ನಡೆಯುವುದಿಲ್ಲ, ಆಯಾ ದೇಶದ ನ್ಯಾಷನಲ್ ವೀಸಾ ಬೇಕು. ಜರ್ಮನಿಯ ಕಾನ್ಸುಲೇಟ್ ಬೆಂಗಳೂರಲ್ಲೇ ಉಂಟು, ಹಾಗಾಗಿ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಇಳಿದು ಅಪಾಯಿಂಟ್‌ಮೆಂಟ್ ಮುಗಿಸ್ಬಹುದು. ಮಳೆಗಾಲ ಆದ್ರೆ ಒಂದು ದಿನ ಮೊದ್ಲೇ ಹೊರಡಿ, ಶಿರಾಡಿ ಘಾಟಿಯನ್ನು ನಂಬುವ ಹಾಗಿಲ್ಲ. ಕೊರಿಯಾಕ್ಕಾದ್ರೆ ಡಿ-2-6 ಅಂತ ಎಕ್ಸ್‌ಚೇಂಜಿನವ್ರಿಗೇ ಬೇರೆ ವೀಸಾ, ಜಪಾನಿಗೆ ಮೊದ್ಲು ಅಲ್ಲಿನ ಯೂನಿವರ್ಸಿಟಿ ಸಿಒಇ ಅನ್ನುವ ಸರ್ಟಿಫಿಕೇಟ್ ಮಾಡಿಸಿ ಕಳಿಸ್ಬೇಕು, ಅಮೆರಿಕಕ್ಕೆ ಜೆ-1.

ಜರ್ಮನಿಗೆ ಖರ್ಚಿನ ದುಡ್ಡು ಇದೆ ಅಂತ ತೋರಿಸ್ಲಿಕ್ಕೆ ಬ್ಲಾಕ್ಡ್ ಅಕೌಂಟ್ ಅಂತ ಒಂದು ಉಂಟು. 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯುರೋ ಲೆಕ್ಕ, ವರ್ಷಕ್ಕೆ 11,904. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮಗೇ ಸಿಗುವ ದುಡ್ಡು ಇದು, ಆದ್ರೆ ಮೊದ್ಲು ಒಟ್ಟಿಗೆ ಹಾಕ್ಬೇಕಲ್ಲ, ಮನೆಯಲ್ಲಿ ಕಷ್ಟ ಆಗುವುದು ಅಲ್ಲೇ. ಯುರೋಪಿಯನ್ ಯೂನಿಯನ್ ಕೊಡುವ ಎರಾಸ್ಮಸ್ ಪ್ಲಸ್ ಸ್ಕಾಲರ್‌ಶಿಪ್ ಇರುವ ಒಪ್ಪಂದ ನಿಮ್ಮ ಕಾಲೇಜಿಗೆ ಇದ್ರೆ ತಿಂಗಳ ಖರ್ಚು ಮತ್ತು ಪ್ರಯಾಣದ ದುಡ್ಡು ಅವ್ರೇ ಕೊಡ್ತಾರೆ, ಅದನ್ನು ಮೊದ್ಲು ಕೇಳಿ.

ದುಡ್ಡು ಕಳಿಸ್ಲಿಕ್ಕೆ ಬ್ಯಾಂಕಿಗೆ ಹೋಗುವಾಗ ಪ್ಯಾನ್ ಮತ್ತು ಅಡ್ಮಿಷನ್ ಲೆಟರ್ ಹಿಡ್ಕೊಳ್ಳಿ, ಎ2 ಫಾರಂ ಅಲ್ಲೇ ತುಂಬಿಸ್ಬೇಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲಾ ಹುಟ್ಟಿದ ಜಿಲ್ಲೆಗಳು ನಮ್ದು, ಆದ್ರೂ ಫಾರಿನ್ ಎಕ್ಸ್‌ಚೇಂಜ್ ಕೆಲಸ ಎಲ್ಲಾ ಬ್ರಾಂಚಲ್ಲಿ ಆಗುವುದಿಲ್ಲ, ಮೊದ್ಲು ಫೋನ್ ಮಾಡಿ ಕೇಳಿ. 2025ರ ಏಪ್ರಿಲಿನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ತನಕ ಕಳಿಸಿದ್ರೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕಿನವ್ರು ಹಿಡಿಯುವ ತೆರಿಗೆ) ಇಲ್ಲ, ಒಂದು ಸೆಮಿಸ್ಟರಿನ ಖರ್ಚು ಹೆಚ್ಚಾಗಿ ಅದರೊಳಗೇ ಬರ್ತದೆ.

ಲಗೇಜು

ಇದನ್ನು ಅಮ್ಮಂದಿರು ಓದ್ಬೇಕು. ಯುರೋಪಿಗೆ ಹಾಲಿನ ಐಟಂ ಮತ್ತು ಮಾಂಸ ಬಿಡುವುದಿಲ್ಲ, ಹಾಗಾಗಿ ತುಪ್ಪ, ಪೇಡ, ಚಿಕನ್ ಉಪ್ಪಿನಕಾಯಿ ಮನೆಯಲ್ಲೇ ಇರ್ಲಿ. ಮೀನಿಗೆ ಮಾತ್ರ ರಿಯಾಯ್ತಿ ಉಂಟು, ಸ್ವಂತಕ್ಕೆ 20 ಕಿಲೋ ತನಕ ಆಗ್ತದೆ, ಒಣ ಸಿಗಡಿ ಚಟ್ನಿ ಧೈರ್ಯವಾಗಿ ಹಾಕಿ, ಆದ್ರೆ ನಾಲ್ಕು ಪ್ಲಾಸ್ಟಿಕ್ ಸುತ್ತಿ. ಮಾವಿನಕಾಯಿ, ಕರಿಬೇವು ಸರ್ಟಿಫಿಕೇಟ್ ಇಲ್ಲದೆ ತಗೊಂಡು ಹೋಗುವಂತಿಲ್ಲ. ಒಣ ಕೊಬ್ಬರಿಯನ್ನು ವಿಮಾನದವ್ರೇ ಬಿಡುವುದಿಲ್ಲ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡೀತದೆ ಅಂತ. ಕುಚ್ಲಕ್ಕಿ ಹೊತ್ಕೊಂಡು ಹೋಗ್ಬೇಡಿ, ಏಷ್ಯನ್ ಅಂಗಡಿಗಳಲ್ಲಿ ಕೇರಳದ ಮಟ್ಟ ಅಕ್ಕಿ ಸಿಗ್ತದೆ, ಗಂಜಿಗೆ ಅದು ಸಾಕು. ಪ್ರೆಶರ್ ಕುಕ್ಕರ್ ಸಣ್ಣದೊಂದು ಇರ್ಲಿ.

ಅಲ್ಲಿ ಹೋದ ಮೇಲೆ

ಮೊದಲ ಎರಡು ವಾರ ಪೂರಾ ಪೇಪರ್ ಕೆಲಸ. ಜರ್ಮನಿಯಲ್ಲಿ ರೂಮ್ ಸಿಕ್ಕಿ 14 ದಿನದೊಳಗೆ ವಿಳಾಸ ರಿಜಿಸ್ಟರ್ ಮಾಡ್ಬೇಕು, ಅದಿಲ್ಲದೆ ಮುಂದಿನ ಕೆಲಸ ಒಂದೊಂದೇ ಅಡ್ಡ ನಿಲ್ತದೆ. ಟ್ಯೂಷನ್ ಇಲ್ಲದಿದ್ರೂ ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ ಒಂದು ಮೊತ್ತ ಸಾಮಾನ್ಯವಾಗಿ ಇರ್ತದೆ, ಎಷ್ಟೋ ಕಡೆ ಬಸ್-ಟ್ರೈನ್ ಪಾಸ್ ಅದರಲ್ಲೇ ಬರ್ತದೆ. ಮನೆಗೊಂದರಂತೆ ತಿಂಗಳಿಗೆ 18.36 ಯುರೋ ರೇಡಿಯೊ-ಟಿವಿ ಶುಲ್ಕದ ಕಾಗದ ಬಂದ್ರೆ ಮೋಸ ಅಂತ ಬಿಸಾಡ್ಬೇಡಿ, ಅದು ನಿಜವಾಗಿಯೂ ಕಟ್ಬೇಕಾದ್ದೇ, ರೂಮ್‌ಮೇಟ್ಸ್ ಜೊತೆ ಪಾಲು ಮಾಡ್ಕೊಳ್ಳಿ.

ಹೊರಡುವ ಮೊದ್ಲು ರೂಮಿನ ಡೆಪಾಸಿಟ್ ಯಾವ ಅಕೌಂಟಿಗೆ ಬರ್ತದೆ ಅಂತ ಬರ್ಸಿಕೊಳ್ಳಿ, ಅದು ಬರುವ ತನಕ ಅಲ್ಲಿನ ಬ್ಯಾಂಕ್ ಅಕೌಂಟ್ ಕ್ಲೋಸ್ ಮಾಡ್ಬೇಡಿ. ವಿಳಾಸ ಕ್ಯಾನ್ಸಲ್ ಮಾಡಿದ ಕಾಗದ ಇಟ್ಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್ (ಅಲ್ಲಿನ ಮಾರ್ಕ್ಸ್ ಕಾರ್ಡ್) ಅಲ್ಲಿಂದ ನೇರ ಇಲ್ಲಿನ ಪರೀಕ್ಷಾ ವಿಭಾಗಕ್ಕೆ ಹೋಗ್ಬೇಕಾ, ನಿಮ್ಮ ಕೈಗೆ ಕೊಟ್ರೆ ಸಾಕಾ ಅಂತ ಮೊದ್ಲೇ ಕೇಳಿಡಿ, ಅದು ಬರ್ಲಿಕ್ಕೆ ವಾರಗಟ್ಟಲೆ ಹಿಡೀತದೆ, ಪ್ಲೇಸ್‌ಮೆಂಟ್ ಸೀಸನ್ ಹತ್ರ ಇದ್ರೆ ಅಷ್ಟರ ಮಟ್ಟಿಗೆ ಒಂದು ಪ್ರೊವಿಶನಲ್ ಲೆಟರ್ ಕೇಳಿ ತಗೊಂಡೇ ವಿಮಾನ ಹತ್ತಿ.