ಹುಳದ ಮಾತ್ರೆ ಕೊಟ್ಟ ಮೇಲೆ ನಾಯಿಯನ್ನು ಎರಡು ದಿನ ಕಟ್ಟಿಹಾಕಿ

ಶಹಾಪುರ, ಸುರಪುರದ ಕಡೆ ಕುರಿಮಂದೆ ಇಟ್ಟುಕೊಂಡವರು ಗಮನಿಸಿ: ಕಾವಲು ನಾಯಿಗೆ ಲಾಡಿಹುಳುವಿನ ಮಾತ್ರೆ ಕೊಟ್ಟ ದಿನವೇ ಅದನ್ನು ಮಂದೆಯ ಹಿಂದೆ ಬಿಡಬೇಡಿ. ಪೂರ್ತಿ ಎರಡು ದಿನ ಒಂದೇ ಕಡೆ ಕಟ್ಟಿ, ಮಲವನ್ನೆಲ್ಲ ಸಲಿಕೆಯಿಂದ ಎತ್ತಿ ಸುಟ್ಟುಬಿಡಿ ಅಥವಾ ಆಳವಾಗಿ ಹೂಳಿ. ಮಾತ್ರೆಯಲ್ಲಿರುವ ಪ್ರಾಜಿಕ್ವಾಂಟೆಲ್ ಎಂಬ ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮಲದೊಂದಿಗೆ ಬಿದ್ದ ಮೊಟ್ಟೆ ಮೇವಿನ ಮೂಲಕ ಕುರಿಯ ಹೊಟ್ಟೆ ಸೇರಿದರೆ, ಒಂದು ಜಾತಿಯ ಹುಳು ಅದರ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಕುರಿ ಕತ್ತು ಓರೆ ಮಾಡಿಕೊಂಡು ನಿಂತಲ್ಲೇ ಸುತ್ತುವುದಕ್ಕೆ ಅದೂ ಒಂದು ಕಾರಣ. ಮಾತ್ರೆ ಕಹಿ, ಪುಡಿ ಮಾಡಿದರೆ ನಾಯಿ ಮೂಸಿ ಹಿಂದೆ ಸರಿಯುತ್ತದೆ. ಜೋಳದ ರೊಟ್ಟಿಯನ್ನು ತುಪ್ಪದಲ್ಲಿ ನಾದಿ ಮೂರು ಉಂಡೆ ಮಾಡಿ: ಮೊದಲನೆಯದು ಬರಿದು, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಹಿಡಿದಿರಿ. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಪ್ರಮಾಣ ತೂಕದ ಮೇಲೆ. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಕುರಿಗೆ ಕುಡಿಸಿ ಉಳಿದ ಔಷಧವನ್ನು ನಾಯಿಯ ಬಾಯಿಗೂ ಸುರಿಯುವ ಜಿಪುಣತನ ಬೇಡ. ಜಾತ್ರೆಯಲ್ಲಿ ಕೊಯ್ದ ಕುರಿಯ ತಲೆ, ಪಿತ್ತಜನಕಾಂಗ, ಶ್ವಾಸಕೋಶವನ್ನು ನಾಯಿಗೆ ಹಸಿಯಾಗಿ ಎಸೆದರೆ ಇಷ್ಟೆಲ್ಲ ವ್ಯರ್ಥ: ಅವುಗಳಲ್ಲಿರುವ ನೀರುಗುಳ್ಳೆ ನಾಯಿಯ ಹೊಟ್ಟೆ ಸೇರಿ, ಸುಮಾರು ಒಂದೂವರೆ ತಿಂಗಳಲ್ಲಿ ಹೊಸ ಹುಳು ಮೊಟ್ಟೆ ಹಾಕತೊಡಗುತ್ತದೆ. ಕೊಡಲೇಬೇಕೆಂದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಿ ಕೊಡಿ. ಚಿಗಟದಿಂದ ಬರುವ ಲಾಡಿಹುಳುವೂ ಇದೆ. ಬಾಲದ ಬುಡದಲ್ಲಿ ಅನ್ನದ ಅಗುಳಿನಂಥ ತುಂಡುಗಳು ಮತ್ತೆ ಮತ್ತೆ ಕಂಡರೆ ಮೊದಲು ಚಿಗಟಕ್ಕೆ ಮದ್ದು ಹಾಕಿ. ಗಬ್ಬದ ನಾಯಿಗೆ, ಎಳೆಯ ಮರಿಗೆ ಪಶುವೈದ್ಯರನ್ನು ಕೇಳದೆ ಏನನ್ನೂ ಕೊಡಬೇಡಿ.